ಅನೇಕಾಂತವು ಅನಿಶ್ಚಯವಲ್ಲ

ವಸ್ತುವಿಗೆ ಅನೇಕ ಧರ್ಮಗಳಿವೆ. ನೋಡುವವನ ನೆಲೆಗೆ ತಕ್ಕಂತೆ ಅವುಗಳಲ್ಲಿ ಒಂದೊಂದು ಗೋಚರಿಸುತ್ತದೆ. ಇದು ಅನೇಕಾಂತದ ತಿರುಳು. ಚರ್ಚಾಗೋಷ್ಠಿಯಲ್ಲಿ ಇದನ್ನು ಒಪ್ಪುವುದು ಸುಲಭ. ನೆರೆಮನೆಗೆ ಬೆಂಕಿ ಬಿದ್ದಾಗ ಮಾತ್ರ ಇದರ ನಿಜವಾದ ಪರೀಕ್ಷೆ.

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಆಕ್ರಮಣ ನಡೆಸಿತು. ಉಕ್ರೇನ್ ನ್ಯಾಟೊ ಸದಸ್ಯ ರಾಷ್ಟ್ರವಲ್ಲ; ಆದರೂ 1949ರಲ್ಲಿ ಹುಟ್ಟಿದ ಆ ಸೇನಾಕೂಟದ ಬಾಗಿಲಲ್ಲೇ ಯುದ್ಧ ನಿಂತಿತು. ಆಕ್ರಮಣವನ್ನು ಖಂಡಿಸುವಲ್ಲಿ ಒಂದಾದ ರಾಷ್ಟ್ರಗಳು ಮುಂದೇನು ಎಂಬಲ್ಲಿ ಬೇರೆಯಾದವು. ಸೋವಿಯತ್ ಹಿಡಿತದ ಕಹಿಯುಂಡ ಪೋಲೆಂಡ್ ಮತ್ತು ಬಾಲ್ಟಿಕ್ ದೇಶಗಳು ತ್ವರಿತ ನೆರವಿಗೆ ಒತ್ತಾಯಿಸಿದವು. ಮಹಾಯುದ್ಧದ ಪಾಪಭಾರ ಹೊತ್ತ ಜರ್ಮನಿ ತನ್ನ ಲೆಪರ್ಡ್ ಟ್ಯಾಂಕ್‌ಗಳನ್ನು ಕಳುಹಿಸಲು ಒಪ್ಪಿದ್ದು 2023ರ ಜನವರಿಯಲ್ಲಿ. ರಷ್ಯಾದ ಇಂಧನವನ್ನು ನೆಚ್ಚಿದ್ದ ಹಂಗೇರಿ, ಉಕ್ರೇನಿಗೆ ಹೋಗುವ ಶಸ್ತ್ರಗಳು ತನ್ನ ಗಡಿ ದಾಟಿ ಹೋಗಲು ಬಿಡಲಿಲ್ಲ.

ಸಂಕಟದ ನೆನಪು, ಪಶ್ಚಾತ್ತಾಪ, ಪ್ರಜೆಗಳ ಯೋಗಕ್ಷೇಮ: ಇವೆಲ್ಲವೂ ನಯಗಳೇ, ಸತ್ಯದ ಅಂಶಗಳೇ. ಆದರೆ ತನ್ನ ಅಂಶವನ್ನೇ ಪೂರ್ಣವೆಂದು ಸಾಧಿಸಿ ಉಳಿದುದನ್ನು ನಿರಾಕರಿಸುವ ನಯವು ದುರ್ನಯವಾಗುತ್ತದೆ. ಭಯಲೋಭಗಳು ಶಾಂತಿಯ ವೇಷ ತೊಡುವುದೂ ಅಲ್ಲಿಯೇ. ಶೌರ್ಯದ ಹೆಸರಿನಲ್ಲಿ ದ್ವೇಷ ಬೆಳೆಯುವುದೂ ಅಲ್ಲಿಯೇ.

ಇಂಥದೇ ಸಭೆಯೊಂದನ್ನು ಶ್ವೇತಾಂಬರ ಆಗಮಗಳು ಚಿತ್ರಿಸಿವೆ. ವೈಶಾಲಿಯ ಚೇಟಕನು ತ್ರಿಶಲಾದೇವಿಯ ತವರಿನವನು. ಅವನಲ್ಲಿ ಶರಣುಬಂದ ರಾಜಕುಮಾರನನ್ನು ಆನೆ ಮತ್ತು ಹಾರದೊಡನೆ ಒಪ್ಪಿಸಬೇಕೆಂದು ಮಗಧದ ಕೂಣಿಕನು ಬೆದರಿಸಿದ. ಚೇಟಕನು ಒಬ್ಬನೇ ನಿರ್ಧರಿಸಲಿಲ್ಲ. ಹದಿನೆಂಟು ಗಣರಾಜರನ್ನು ಕರೆಸಿ ಕೇಳಿದ. ಶರಣಾಗತನನ್ನು ಕೈಬಿಡುವುದು ತಕ್ಕುದಲ್ಲ, ಅವನು ದಂಡೆತ್ತಿ ಬಂದರೆ ಎದುರಿಸೋಣ ಎಂದು ಅವರು ಒಮ್ಮತದಿಂದ ನುಡಿದರು. ಯುದ್ಧದಲ್ಲಿ ಅವರು ಸೋತರು. ಆದರೂ ಆ ತೀರ್ಮಾನದ ನ್ಯಾಯವು ಸೋಲುಗೆಲುವನ್ನು ಅವಲಂಬಿಸಿರಲಿಲ್ಲ.

ಆಗಮವು ಆ ಯುದ್ಧವನ್ನು ವೈಭವೀಕರಿಸುವುದಿಲ್ಲ. ರಣದಲ್ಲಿ ಮಡಿದವರೆಲ್ಲ ಸ್ವರ್ಗಸ್ಥರಾಗುತ್ತಾರೆಂಬ ನಂಬಿಕೆಯನ್ನು ಅಲ್ಲಿ ಮಹಾವೀರರು ಅಲ್ಲಗಳೆಯುತ್ತಾರೆ. ಅದೇ ರಣದಲ್ಲಿದ್ದ ವರುಣನೆಂಬ ಶ್ರಾವಕನು, ತನ್ನ ಮೇಲೆ ಮೊದಲು ಪ್ರಹರಿಸಿದವನನ್ನಲ್ಲದೆ ಬೇರಾರನ್ನೂ ಹೊಡೆಯೆನೆಂಬ ವ್ರತ ಹಿಡಿದು, ಪೆಟ್ಟು ತಿಂದ ಮೇಲೆಯೇ ಬಾಣ ಬಿಟ್ಟ. ಸಂಕಲ್ಪೀ ಹಿಂಸೆಗೂ ವಿರೋಧೀ ಹಿಂಸೆಗೂ ಇರುವ ಗೆರೆ ಇದು. ಮೊದಲನೆಯದು ಗೃಹಸ್ಥನಿಗೆ ಸರ್ವಥಾ ವರ್ಜ್ಯ. ಎರಡನೆಯದು ಅನಿವಾರ್ಯವಾದಾಗ ಕ್ಷಮ್ಯ, ಆದರೆ ಅದೂ ಹಿಂಸೆಯೇ. ಆಕ್ರಮಣ ಮಾಡಿದವನನ್ನೂ ತನ್ನ ಮನೆ ಕಾಯುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನೇಕಾಂತವಲ್ಲ, ಅವಿವೇಕ.

ಆದ್ದರಿಂದ ಮಿತ್ರರಲ್ಲಿ ಭಿನ್ನಮತವಿರುವುದು ದೋಷವಲ್ಲ. ಎಲ್ಲರ ಮಾತು ಕೇಳಿದ ಮೇಲೂ ತೀರ್ಮಾನವನ್ನು ಮುಂದೂಡುತ್ತ ಹೋಗುವುದು ದೋಷ. ಏಕೆಂದರೆ ಆ ವಿಳಂಬದ ಬೆಲೆಯನ್ನು ಸಭೆಯಲ್ಲಿ ಕುಳಿತವರು ತೆರುವುದಿಲ್ಲ, ಬಾಂಬಿನಡಿಯಲ್ಲಿರುವವರು ತೆರುತ್ತಾರೆ. ನಮ್ಮ ಬೀದಿಯಲ್ಲಿ ಬಲಶಾಲಿಯೊಬ್ಬನು ದುರ್ಬಲನ ಜಾಗವನ್ನು ಒತ್ತುವರಿ ಮಾಡಿದಾಗ ನಾವು ತಾಳುವ ಮೌನಕ್ಕೂ ಇದೇ ಮಾತು ಸಲ್ಲುತ್ತದೆ. ಆ ಮೌನ ಕರುಣೆಯಿಂದ ಬಂದುದೋ ಅಂಜಿಕೆಯಿಂದ ಬಂದುದೋ ಎಂದು ಸಂಜೆಯ ಪ್ರತಿಕ್ರಮಣದಲ್ಲಿ ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಲಿ.