ಮುಯ್ಯಿಯೂ ವರದಕ್ಷಿಣೆಯೂ



ಉತ್ತರ ಕರ್ನಾಟಕದ ಎರೆಸೀಮೆಯ ಹಳ್ಳಿಗಳಿಗೆ ಮದುವೆಯ ದಿನಗಳಲ್ಲಿ ಹೋದವರಿಗೆ ಒಂದು ಸಂಗತಿ ಕೂಡಲೇ ತಿಳಿಯುತ್ತದೆ. ಅಲ್ಲಿ ಮದುವೆ ಒಂದು ಮನೆಯ ಕಾರ್ಯವಲ್ಲ, ಊರ ಕಾರ್ಯ. ಹಂದರಕ್ಕೆ ಹಸಿರು ತಪ್ಪಲು ತರಲು ಓಣಿಯ ಹುಡುಗರೇ ಹೊರಡುತ್ತಾರೆ. ಕುಂಬಾರರ ಮನೆಯಿಂದ ಬಣ್ಣ ಬರೆದ ಐರಾಣಿ ಗಡಿಗೆಗಳು ವಾದ್ಯದೊಂದಿಗೆ ಬರುತ್ತವೆ. ಬಳೆಗಾರ ಬಂದು ಕೂತರೆ ನೆರೆಮನೆಯ ಹೆಣ್ಣುಮಕ್ಕಳೂ ಕೈ ಮುಂದೆ ಮಾಡುತ್ತಾರೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ಸುರಗಿಯ ನೀರು ಹಾಕುವಾಗ ಹಾಡು ಹೇಳುವ ಮುದುಕಿಯರನ್ನು ಯಾರೂ ಕರೆಯಬೇಕಾಗಿಲ್ಲ. ಪಂಚಕಲಶದ ಮುಂದೆ ಅಕ್ಕಿಕಾಳು ಬಿದ್ದ ಮೇಲೆ ಗೋದಿ ಹುಗ್ಗಿಯ ಪಂಕ್ತಿ.

ಇವೆಲ್ಲದರಲ್ಲಿ ನಮಗೆ ಹೆಚ್ಚು ಮಾನ್ಯವೆನಿಸುವುದು ಮುಯ್ಯಿ. ಹಂದರದ ಮೂಲೆಯಲ್ಲಿ ಅಕ್ಷರ ಬಲ್ಲವನೊಬ್ಬ ಪುಸ್ತಕ ಹಿಡಿದು ಕೂತು, ಯಾರು ಎಷ್ಟು ರೂಪಾಯಿ ಕೊಟ್ಟರು, ಯಾರು ಸೀರೆ-ಕುಬಸದ ಆಯೇರಿ ಮಾಡಿದರು ಎಂದು ಬರೆದುಕೊಳ್ಳುತ್ತಾನೆ. ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ಅದನ್ನು ಮುಟ್ಟಿಸಲೇಬೇಕು. ಬ್ಯಾಂಕು ಇಲ್ಲದ ಕಾಲದಲ್ಲಿ ಬಡವನ ಮಗಳ ಮದುವೆಯನ್ನು ಸಾಗಿಸಿದ್ದು ಈ ಪುಸ್ತಕವೇ.

ಆದರೆ ಅದೇ ಹಳ್ಳಿಯಲ್ಲಿ, ಮದುವೆಗೆ ಎರಡು ತಿಂಗಳು ಮೊದಲು, ಕಂಬಳಿ ಹಾಸಿ ಹಿರಿಯರು ಮಾತುಕತೆಗೆ ಕೂಡುತ್ತಾರಲ್ಲ? ಅಲ್ಲಿ ನಿಶ್ಚಯವಾಗುವ ಹಣ ಯಾವ ಪುಸ್ತಕಕ್ಕೂ ಏರುವುದಿಲ್ಲ. ಮುಯ್ಯಿ ಹೋದ ದಾರಿಯಲ್ಲೇ ತಿರುಗಿ ಬರುತ್ತದೆ. ವರದಕ್ಷಿಣೆ ಹೋದದ್ದು ಹೋಯಿತು. ಅದರ ಹಿಂದೆ ಎರಡೆಕರೆ ಹೊಲವೂ ಹೋಗುತ್ತದೆ. ಇದನ್ನು ಪದ್ಧತಿ ಎಂದು ಕರೆಯಲು ನಮಗೆ ನಾಲಿಗೆ ಏಳುವುದಿಲ್ಲ.

1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ಕೊಟ್ಟವರು, ತೆಗೆದುಕೊಂಡವರು ಮಾತ್ರವಲ್ಲ, ಅದಕ್ಕೆ ಕುಮ್ಮಕ್ಕು ಕೊಟ್ಟವರೂ ಅಪರಾಧಿಗಳು. "ಹೆಚ್ಚು-ಕಡಿಮೆ ಮಾಡಿ ಮುಗಿಸ್ರಿ" ಎಂದು ನಡುವೆ ನಿಂತು ಹೊಂದಿಸುವ ಹಿರಿಯರು ಇದನ್ನು ಗಮನಿಸಬೇಕು. ಕೇಳದೆ ಪ್ರೀತಿಯಿಂದ ಕೊಟ್ಟ ಉಡುಗೊರೆಗೆ ಅಡ್ಡಿಯಿಲ್ಲ. ಆದರೆ ಕೊಟ್ಟವರ ಹೆಸರು, ವಸ್ತು, ಬೆಲೆ ಬರೆದ ಪಟ್ಟಿ ಇಟ್ಟು ವಧೂವರರು ಸಹಿ ಮಾಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ನೋಡಿದರೆ ಅದು ನಮ್ಮ ಮುಯ್ಯಿ ಪುಸ್ತಕದ ಮಾದರಿಯೇ!

ಮಠದವರೂ ಇದಕ್ಕೆ ಹೊರತಲ್ಲ. ಅಕ್ಕಿಕಾಳು ಹಾಕಲು ಕರೆಯ ಬಂದಾಗ "ಕೊಡು-ಕೊಳ್ಳುವುದು ಏನಾಗಿದೆ?" ಎಂದು ಒಂದು ಮಾತು ಕೇಳುವ ಧೈರ್ಯ ಕಾವಿಗೆ ಇರಬೇಕು. ಕೇಳದೆ ಹಾಕಿದ ಆಶೀರ್ವಾದಕ್ಕೆ ಏನು ಬೆಲೆ?

ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆದು ಬಂದಿದೆ. ನಮ್ಮ ಭಾಗದ ಅನೇಕ ಮಠಗಳೂ ಜಾತ್ರೆಯ ಹೊತ್ತಿಗೆ ಹಂದರ ಹಾಕುತ್ತವೆ. ಹುಡುಗಿಗೆ 18, ಹುಡುಗನಿಗೆ 21 ತುಂಬಿದ ದಾಖಲೆ ತಂದರೆ ಸಾಕು, ಸಾಲವಿಲ್ಲದೆ ಕಾರ್ಯ ಮುಗಿಯುತ್ತದೆ. ಆದರೂ ಉಳ್ಳವರು ಅದನ್ನು ಬಡವರ ಹಂದರವೆಂದು ಮೂಗು ಮುರಿಯುತ್ತಾರೆ. ಊರ ಗೌಡರ ಮಗನೊಬ್ಬ ಅದೇ ಸಾಲಿನಲ್ಲಿ ಬಾಸಿಂಗ ಕಟ್ಟಿಕೊಂಡು ಕೂತರೆ ಆ ಮಾತು ಅಂದಿಗೇ ನಿಲ್ಲುತ್ತದೆ.