ನಕ್ಷೆ ಮೊದಲೋ, ಮಾತು ಮೊದಲೋ?



2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದರು. ರೈತರು ಗೆದ್ದರೆಂದು ಸಂತೋಷಪಟ್ಟೆವು. ಆದರೆ ಆ ಗೆಲುವಿಗೆ ಅವರು 1,198 ದಿನ ಧರಣಿ ಕೂರಬೇಕಾಯಿತು. ಊರ ಕಟ್ಟೆಯ ಮೇಲೆ ಮೊದಲೇ ಕೇಳಬಹುದಾಗಿದ್ದ ಮಾತು ವಿಧಾನಸೌಧ ಮುಟ್ಟಲು ಮೂರು ವರ್ಷ ದಾಟಬೇಕೆ?

ನಾನು ಸರ್ಕಾರಿ ಇಂಜಿನಿಯರಾಗಿ ನಿವೃತ್ತನಾದವನು. ನಾನು ಕಂಡ ಕ್ರಮ ಇದು: ಮೊದಲು ನಕ್ಷೆ, ಆಮೇಲೆ ಅಧಿಸೂಚನೆ, ಕೊನೆಗೆ ಜನರ ಆಕ್ಷೇಪಣೆ. ಆಕ್ಷೇಪಣೆ ಬರುವ ಹೊತ್ತಿಗೆ ರಸ್ತೆಯ ಅಗಲವೂ ತೀರ್ಮಾನವಾಗಿರುತ್ತಿತ್ತು. ಅರ್ಜಿಗೊಂದು ಕ್ರಮಸಂಖ್ಯೆ, ಒಂದು ಹಿಂಬರಹ, ಅಲ್ಲಿಗೆ ಮುಗಿಯಿತು. ಅಂಥ ನಕ್ಷೆಗಳಿಗೆ ನಾನೂ ಸಹಿ ಹಾಕಿದ್ದೇನೆ. ಆ ತಪ್ಪಿನಲ್ಲಿ ನನ್ನ ಪಾಲಿದೆ.

ಕಾನೂನೂ ಇದಕ್ಕೆ ದಾರಿ ಬಿಟ್ಟಿದೆ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನ ಕೇಳುತ್ತದೆ. ಖಾಸಗಿ ಕಂಪನಿಗಾದರೆ ಬಾಧಿತ ಕುಟುಂಬಗಳಲ್ಲಿ ಶೇ. 80ರಷ್ಟರ ಒಪ್ಪಿಗೆ ಕೇಳುತ್ತದೆ. ಆ ಭೂಮಿಯನ್ನೇ ನಂಬಿ ಮೂರು ವರ್ಷದಿಂದ ಅಲ್ಲಿ ಬದುಕಿದ ಕೂಲಿಯವರನ್ನೂ ಬಾಧಿತರೆಂದೇ ಎಣಿಸುತ್ತದೆ. ಆದರೆ ಕೆಐಎಡಿಬಿ ಹಿಡಿಯುವುದು 1966ರ ರಾಜ್ಯ ಕಾಯ್ದೆಯನ್ನು. ಅಲ್ಲಿ ಅಧ್ಯಯನವೂ ಇಲ್ಲ, ಒಪ್ಪಿಗೆಯೂ ಇಲ್ಲ. ನೋಟಿಸು ಕೊಟ್ಟು 30 ದಿನ ಕಾದರೆ ಸಾಕು. ಪಹಣಿಯಲ್ಲಿ ಹೆಸರಿದ್ದವನು ವಕೀಲರ ಬಳಿಗಾದರೂ ಓಡಿಯಾನು. ಅದೇ ಹೊಲದಲ್ಲಿ ಕಳೆ ಕೀಳುವ ತಾಯಿ ಎಲ್ಲಿಗೆ ಹೋಗಬೇಕು? ಭೂಮಿ ಹೋದರೆ ಮೊದಲು ಕಾಯಕ ಕಳೆದುಕೊಳ್ಳುವವಳು ಅವಳು.

ಹಾಗಾದರೆ ಅಭಿವೃದ್ಧಿ ಬೇಡವೇ ಎಂದು ಕೇಳುವವರಿದ್ದಾರೆ. ಕಾರ್ಖಾನೆ ಬರಲಿ, ಮಕ್ಕಳಿಗೆ ಕೆಲಸ ಸಿಗಲಿ ಎನ್ನುವವರು ಹಳ್ಳಿಗಳಲ್ಲೂ ಇದ್ದಾರೆ. ಅವರ ಮಾತು ಸುಳ್ಳಲ್ಲ. ಸ್ವಇಚ್ಛೆಯಿಂದ ಕೊಡುವವರ ಭೂಮಿ ಪಡೆಯುತ್ತೇವೆಂದು ಸರ್ಕಾರವೂ ಹೇಳಿದೆ. ಆದರೆ ಕೊಡುವವನ ಹೊಲದ ಪಕ್ಕದಲ್ಲಿ ಕೊಡದವನ ಹೊಲವಿರುತ್ತದೆ. ಕೆರೆಗೆ ನೀರು ತರುವ ಕಾಲುವೆ ಸರ್ವೆ ನಂಬರು ನೋಡಿ ಹರಿಯುವುದಿಲ್ಲ. ಒಬ್ಬನ ನಿವೇಶನಕ್ಕೆ ಮಣ್ಣು ತುಂಬಿ ಎತ್ತರಿಸಿದರೆ ಮಳೆನೀರು ಇನ್ನೊಬ್ಬನ ತೋಟಕ್ಕೆ ನುಗ್ಗುತ್ತದೆ, ಕೆಳಗಿನ ಕೆರೆ ಒಣಗುತ್ತದೆ. ಆದ್ದರಿಂದ ಇದು ಮಾರುವವನೂ ಕೊಳ್ಳುವವನೂ ಕೂತು ಮುಗಿಸುವ ವ್ಯಾಪಾರವಲ್ಲ. ಇಡೀ ಊರು ಕೂತು ಆಡಬೇಕಾದ ಮಾತು.

ಈಗ ನಮ್ಮ ಮನೆಯ ವಿಚಾರಕ್ಕೆ ಬರೋಣ. ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರೂ ಸಮನಾಗಿ ಕೂತರೆಂದು ವೇದಿಕೆ ಸಿಕ್ಕಲ್ಲೆಲ್ಲ ಹೇಳುತ್ತೇವೆ. ಅದೇ ವೇದಿಕೆಯ ಮೇಲೆ ಲೇಔಟ್ ಮಾಡಿದ ದಾನಿಗೆ ಶಾಲು ಹೊದಿಸುತ್ತೇವೆ. ಹೊಲ ಕಳೆದುಕೊಂಡವನು ದಾಸೋಹದ ಸಾಲಿನಲ್ಲಿ ನಿಂತಿರುತ್ತಾನೆ. ಅವನಿಗೆ ಅನ್ನ ಬಡಿಸುತ್ತೇವೆ, ಮಾತಾಡಲು ಕರೆಯುವುದಿಲ್ಲ. ಇದು ಶರಣರ ದಾರಿಯೇ?

ಪೂಜ್ಯರಲ್ಲಿ, ಭಕ್ತರಲ್ಲಿ ನನ್ನ ಬಿನ್ನಹ ಇಷ್ಟೇ. ನಿಮ್ಮ ಸೀಮೆಗೆ ಅಧಿಸೂಚನೆ ಬಂದ ವಾರವೇ ಮಠದ ಸಭಾಂಗಣ ತೆರೆಯಿರಿ. ನಕ್ಷೆಯನ್ನು ಗೋಡೆಗೆ ಹಚ್ಚಿ, ಅಧಿಸೂಚನೆಯನ್ನು ತಿಳಿಯುವ ಕನ್ನಡದಲ್ಲಿ ಓದಿ ಹೇಳಿ. ನಕ್ಷೆ ಓದಬಲ್ಲ ನನ್ನಂಥ ನಿವೃತ್ತರು ಊರೂರಲ್ಲಿದ್ದಾರೆ, ಕರೆದರೆ ಬರುತ್ತಾರೆ. ಭೂಮಿ ಇಲ್ಲದವರು ಮೊದಲು ಮಾತಾಡಲಿ. ಪರ-ವಿರೋಧ ಎರಡನ್ನೂ ಬರೆದು, ಆ 30 ದಿನದೊಳಗೆ ಎಲ್ಲರ ರುಜುವಿನೊಂದಿಗೆ ಕಳುಹಿಸಿ. ಆ ಜಮೀನಿನಲ್ಲಿ ಲಾಭ ಕಾಣುವವರ ಕಾಣಿಕೆಯನ್ನು ಮಾತ್ರ ಮಠ ಮುಟ್ಟದಿರಲಿ.

ಮಠ ಈಗ ಬಾಯಿ ಬಿಡದಿದ್ದರೆ, ನಾಳೆ ನಕ್ಷೆಯಲ್ಲಿ ಮಠದ ಗುರುತು ಉಳಿದೀತು, ಭಕ್ತರ ಊರು ಉಳಿಯದು.