ಗೆರೆಯ ಲೆಕ್ಕ ಸೊನ್ನೆಯಿಂದಲೇ ಏಕೆ?

2023ರ ಕಾವೇರಿ ಗಲಾಟೆ ನೆನಪಿರಬಹುದು. ಸೆಪ್ಟೆಂಬರ್ 13ರಿಂದ 15 ದಿನ 5,000 ಕ್ಯುಸೆಕ್, 28ರಿಂದ ಅಕ್ಟೋಬರ್ 15ರವರೆಗೆ 3,000 ಕ್ಯುಸೆಕ್ ನೀರು ಬಿಳಿಗುಂಡ್ಲು ತಲುಪಬೇಕೆಂದು ಕಾವೇರಿ ನೀರು ನಿಯಂತ್ರಣ ಸಮಿತಿ ಹೇಳಿತು. ಆ ನೀರು ಹರಿದುಹೋಗುವುದು ಕನಕಪುರ ತಾಲ್ಲೂಕಿನ ಸಂಗಮ, ಮೇಕೆದಾಟು ದಾಟಿಕೊಂಡೇ. ಅದೇ ತಾಲ್ಲೂಕಿನ ಉಯ್ಯಂಬಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಹುಡುಗಿಗೆ ಈ ಎರಡು ಆದೇಶಗಳನ್ನು ಕೂಡಿಸಿ ಒಟ್ಟು ಎಷ್ಟು ಟಿಎಂಸಿ ಹೋಗಬೇಕಿತ್ತು ಎಂದು ಬರೆಯಲು ಬರಬೇಕು. ಗಣಿತ ಅಷ್ಟೇನೂ ಕಷ್ಟದ್ದಲ್ಲ. ಆದರೆ ಅದಕ್ಕೆ ಬೇಕಾದ, ಸರಳರೇಖೆಯ ಸಮೀಕರಣದ ಬಿಂದು-ಇಳಿಜಾರು ರೂಪವನ್ನು ನಾವು ಪಿಯುಸಿಯಲ್ಲಿ ಗಣಿತ ತೆಗೆದುಕೊಂಡವರಿಗಷ್ಟೇ ಮೀಸಲಿಟ್ಟಿದ್ದೇವೆ. ಅಲ್ಲಿಯೂ ಅದು ಸಾಲುಸಾಲು ಸೂತ್ರಗಳ ನಡುವೆ ಒಂದಾಗಿ ಬಂದುಹೋಗುತ್ತದೆ. ಅದನ್ನು ಹೈಸ್ಕೂಲಿಗೆ ಇಳಿಸಬೇಕು, ಸರಳರೇಖೆಯ ಪಾಠ ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ.

ಲೆಕ್ಕ ನೋಡಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. 5,000 ಕ್ಯುಸೆಕ್ ಎಂದರೆ ದಿನಕ್ಕೆ 0.432 ಟಿಎಂಸಿ, 15 ದಿನಕ್ಕೆ 6.48. ಅಲ್ಲಿಂದ ಮುಂದೆ 3,000 ಕ್ಯುಸೆಕ್, ಅಂದರೆ ವೇಗ ದಿನಕ್ಕೆ 0.2592. ಗೊತ್ತಿರುವ ಒಂದು ಬಿಂದು, ಗೊತ್ತಿರುವ ಒಂದು ಇಳಿಜಾರು, ಇಷ್ಟು ಸಾಕು: ನೀರು − 6.48 = 0.2592 × (ದಿನ − 15). ಅಕ್ಟೋಬರ್ 15ರ ಲೆಕ್ಕಕ್ಕೆ ದಿನದ ಜಾಗದಲ್ಲಿ 33 ಹಾಕಿದರೆ ಸುಮಾರು 11.15 ಟಿಎಂಸಿ. ಈ ಸಮೀಕರಣದ ಒಂದೊಂದು ಅಂಕಿಯೂ ಅಂದಿನ ಸುದ್ದಿಯಿಂದಲೇ ಬಂದದ್ದು. ಇದನ್ನೇ ಗಣಿತ ಓದಿದವರಿಗೆಲ್ಲ ಬಾಯಿಪಾಠವಾಗಿರುವ ‘ವೈ = ಎಂಎಕ್ಸ್ + ಸಿ’ ರೂಪಕ್ಕೆ ತಿರುಗಿಸಿದರೆ ನೀರು = 0.2592 × ದಿನ + 2.592 ಎಂದಾಗುತ್ತದೆ. ಉತ್ತರವೇನೋ ಅದೇ. ಆದರೆ ಈ 2.592 ಎಲ್ಲಿಯದು? ಮೊದಲ ದಿನಕ್ಕೂ ಮುಂಚೆ ಎರಡೂವರೆ ಟಿಎಂಸಿ ಹರಿದಿತ್ತು ಎನ್ನುವ ಅಂಕಿ ಅದು. ಅಂಥದ್ದು ನಡೆದೇ ಇಲ್ಲ. ಗೆರೆಯನ್ನು ಹಿಂದಕ್ಕೆ ಎಳೆದಾಗ ಹುಟ್ಟಿಕೊಂಡ ಸಂಖ್ಯೆಯನ್ನು ಸಮೀಕರಣದ ಮುಖ್ಯ ಅಂಗವೆಂದು ಮಕ್ಕಳಿಗೆ ಕಲಿಸಿ, ಆಮೇಲೆ ‘ಗಣಿತಕ್ಕೂ ಬದುಕಿಗೂ ಸಂಬಂಧವಿಲ್ಲ’ ಎಂದು ಗೊಣಗುವುದರಲ್ಲಿ ಅರ್ಥವಿಲ್ಲ.

ಹತ್ತನೇ ತರಗತಿಯ ಮಕ್ಕಳ ತಲೆಗೆ ಇನ್ನೊಂದು ಸೂತ್ರದ ಹೊರೆಯೇ ಎಂದು ಮೇಷ್ಟ್ರುಗಳು ಕೇಳಬಹುದು. ಹೊರೆ ಈಗಾಗಲೇ ತಲೆಯ ಮೇಲಿದೆ, ಹೆಸರು ಮಾತ್ರ ಬೇರೆ. ಸಮಾಂತರ ಶ್ರೇಢಿಯಲ್ಲಿ ಎನ್‌ನೇ ಪದ ಬೇಕಾದರೆ ಮೊದಲ ಪದಕ್ಕೆ (ಎನ್ − 1) ಸಲ ಸಾಮಾನ್ಯ ವ್ಯತ್ಯಾಸವನ್ನು ಕೂಡಿಸುತ್ತೇವಲ್ಲ, ಅದು ಬಿಂದು-ಇಳಿಜಾರು ರೂಪವೇ. ಮೊದಲ ಪದವೇ ಬಿಂದು, ವ್ಯತ್ಯಾಸವೇ ಇಳಿಜಾರು. ಆ ಒಂದನ್ನು ಏಕೆ ಕಳೆಯುತ್ತೇವೆ ಎಂದು ತಿಳಿಯದೆ ಉರುಹೊಡೆದ ಮಕ್ಕಳಿಗೆ ಇದರಿಂದ ಹೊರೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಅದೇ ಹತ್ತನೇ ತರಗತಿ ಪುಸ್ತಕದ ನಿರ್ದೇಶಾಂಕ ರೇಖಾಗಣಿತ ದೂರದ ಸೂತ್ರ, ಭಾಗಪ್ರಮಾಣ ಸೂತ್ರಗಳನ್ನು ಹೇಳುತ್ತದೆ, ಇಳಿಜಾರಿನ ಮಾತೆತ್ತುವುದಿಲ್ಲ. ಎರಡು ಅಧ್ಯಾಯಗಳು ಒಂದೇ ಮನೆಯವರಾಗಿಯೂ ಮಾತು ಬಿಟ್ಟಂತಿವೆ.

ನದಿ ಸರಳರೇಖೆಯಲ್ಲಿ ಹರಿಯುವುದಿಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನಿಜ, ಒಂದು ಮಳೆಗೆ ಒಳಹರಿವು ಬದಲಾಗುತ್ತದೆ. ಆದೇಶದ ನೀರಿಗೂ ಹರಿದ ನೀರಿಗೂ ಅಂತರವಿರುತ್ತದೆ. ಆದರೆ ಈ ರೂಪದ ಪ್ರಯೋಜನ ಇರುವುದೇ ಇಲ್ಲಿ. ಇಳಿಜಾರು ಬದಲಾದ ದಿನ ಹೊಸ ಬಿಂದು ಹಿಡಿದು ಹೊಸ ಗೆರೆ ಬರೆಯಬಹುದು, ಹಳೆಯದನ್ನು ಸೊನ್ನೆಯಿಂದ ತಿದ್ದಬೇಕಿಲ್ಲ. ಯಾವ ದಿನದಿಂದ ಲೆಕ್ಕ ಹಿಡಿದಿದ್ದೇವೆ ಎಂಬುದೂ ಸಮೀಕರಣದಲ್ಲೇ ಕಾಣುತ್ತದೆ. ಸೊನ್ನೆಗೇ ಅರ್ಥವಿರುವ ಕಡೆ, ಉದಾಹರಣೆಗೆ ನಿಗದಿತ ಶುಲ್ಕದ ಮೇಲೆ ಯೂನಿಟ್ ದರ ಸೇರುವ ಕರೆಂಟ್ ಬಿಲ್ಲಿನಲ್ಲಿ, ‘ಸಿ’ ಇದ್ದೇ ಇರಲಿ. ಅಲ್ಲಿ ಆ ಬಿಂದುವೇ ಸೊನ್ನೆಯ ಮೇಲೆ ಕೂತಿದೆ, ಅಷ್ಟೇ.

ಬದಲಾವಣೆ ಪಠ್ಯಪುಸ್ತಕದ ಪರಿಷ್ಕರಣೆಗೆ ಕಾಯಬೇಕಾಗಿಲ್ಲ. ಶ್ರೇಢಿಯ ಅಧ್ಯಾಯದಲ್ಲೇ ಒಂದು ಪ್ರಶ್ನೆ ಹಾಕಬಹುದು: 3,000 ಕ್ಯುಸೆಕ್ ಅಕ್ಟೋಬರ್ 31ರವರೆಗೂ ಮುಂದುವರಿದು, ನವೆಂಬರ್ 1ರಿಂದ 2,600ಕ್ಕೆ ಇಳಿದರೆ ಹೊಸ ಗೆರೆಯ ಬಿಂದು ಯಾವುದು, ಇಳಿಜಾರು ಎಷ್ಟು?